ಬೌದ್ಧ ಧರ್ಮದ ಉಗಮ ಮತ್ತು ಪ್ರಸಾರ

ಬೌದ್ಧ ಧರ್ಮವು ಗೌತಮ ಬುದ್ಧನ ಉಪದೇಶಗಳನ್ನು ಆಧರಿಸಿ, ಕ್ರಿ.ಪೂ. 6–5ನೆಯ ಶತಮಾನಗಳಲ್ಲಿ ಗಂಗಾ ನದಿಯ ಬಯಲಿನಲ್ಲಿ ರೂಪುಗೊಂಡ ಧರ್ಮ. ಸೃಷ್ಟಿಕರ್ತನಾದ ದೇವರನ್ನು ಕೇಂದ್ರವಾಗಿಟ್ಟುಕೊಳ್ಳದೆ, ದುಃಖದ ಕಾರಣವನ್ನೂ ಅದರಿಂದ ಬಿಡುಗಡೆ ಹೊಂದುವ ಮಾರ್ಗವನ್ನೂ ವಿಚಾರಿಸುವುದು ಈ ಧರ್ಮದ ವೈಶಿಷ್ಟ್ಯ. ಶ್ರೀಲಂಕಾದಿಂದ ಜಪಾನಿನವರೆಗೆ ಏಷ್ಯಾದ ಬಹುಭಾಗದ ಜನಜೀವನ, ಕಲೆ ಮತ್ತು ಸಾಹಿತ್ಯವನ್ನು ಇದು ರೂಪಿಸಿತು. ಆದರೆ ಹುಟ್ಟಿದ ನೆಲದಲ್ಲಿಯೇ ಬಹುಮಟ್ಟಿಗೆ ಮರೆಯಾಗಿ, 19ನೆಯ ಶತಮಾನದ ಬಳಿಕ ಮತ್ತೆ ಬೆಳಕಿಗೆ ಬಂದಿತು.

ಹಿನ್ನೆಲೆ

ಬುದ್ಧನ ಕಾಲದ ಉತ್ತರ ಭಾರತವು ದೊಡ್ಡ ಬದಲಾವಣೆಯ ಹಂತದಲ್ಲಿತ್ತು. ಭತ್ತದ ಬೇಸಾಯ ವಿಸ್ತರಿಸಿತ್ತು. ರಾಜಗೃಹ, ಶ್ರಾವಸ್ತಿ, ವೈಶಾಲಿ, ಕೌಶಾಂಬಿ ಮೊದಲಾದ ನಗರಗಳು ಬೆಳೆದು ವ್ಯಾಪಾರ ಹೆಚ್ಚಿತ್ತು. ಗಣರಾಜ್ಯಗಳನ್ನು ಅಡಗಿಸಿ ಮಗಧ, ಕೋಸಲಗಳಂತಹ ರಾಜ್ಯಗಳು ಬಲಗೊಳ್ಳುತ್ತಿದ್ದವು. ಯಜ್ಞಪ್ರಧಾನವಾದ ವೈದಿಕ ಆಚರಣೆಯನ್ನೂ ಹುಟ್ಟಿನಿಂದ ಬರುವ ಶ್ರೇಷ್ಠತೆಯನ್ನೂ ಪ್ರಶ್ನಿಸಿ ಮನೆ ತೊರೆದ ಚಿಂತಕರನ್ನು ಶ್ರಮಣರೆಂದು ಕರೆಯುತ್ತಿದ್ದರು. ಜೈನ ಧರ್ಮದ ವರ್ಧಮಾನ ಮಹಾವೀರ, ಆಜೀವಿಕ ಪಂಥದ ಮಕ್ಖಲಿ ಗೋಸಾಲ ಇದೇ ಪರಂಪರೆಗೆ ಸೇರಿದವರು. ಬುದ್ಧನೂ ಶ್ರಮಣರಲ್ಲಿ ಒಬ್ಬನಾಗಿಯೇ ತನ್ನ ಅನ್ವೇಷಣೆಯನ್ನು ಆರಂಭಿಸಿದನು.

ಬುದ್ಧನ ಜೀವನ

ಸಿದ್ಧಾರ್ಥ ಗೌತಮನು ಶಾಕ್ಯ ಗಣದಲ್ಲಿ, ಇಂದಿನ ನೇಪಾಳದ ಲುಂಬಿನಿಯಲ್ಲಿ ಜನಿಸಿದನು. ಆ ಸ್ಥಳವನ್ನು ಗುರುತಿಸುವ ಅಶೋಕನ ಸ್ತಂಭಶಾಸನವು 1896ರಲ್ಲಿ ಪತ್ತೆಯಾಯಿತು. ಬುದ್ಧನ ಜೀವಿತಕಾಲವನ್ನು ಕ್ರಿ.ಪೂ. 563–483 ಎಂದು ಹೇಳುವುದು ರೂಢಿ. ಆತನ ಮರಣವು ಕ್ರಿ.ಪೂ. 400ರ ಆಸುಪಾಸಿನಲ್ಲಿ ಆಗಿರಬೇಕೆಂದು ಇತ್ತೀಚಿನ ಅನೇಕ ವಿದ್ವಾಂಸರು ಅಭಿಪ್ರಾಯಪಡುತ್ತಾರೆ.

ಪರಂಪರೆಯ ಪ್ರಕಾರ 29ನೆಯ ವಯಸ್ಸಿನಲ್ಲಿ ಮನೆ ತೊರೆದ ಸಿದ್ಧಾರ್ಥನು ಆರು ವರ್ಷ ಕಠಿಣ ತಪಸ್ಸು ಮಾಡಿದನು. ದೇಹದಂಡನೆಯಿಂದ ಪ್ರಯೋಜನವಿಲ್ಲವೆಂದು ಕಂಡುಕೊಂಡು, ಗಯೆಯ ಸಮೀಪ ಅರಳಿ ಮರದ ಕೆಳಗೆ ಧ್ಯಾನಸ್ಥನಾಗಿ ಬೋಧಿಯನ್ನು ಪಡೆದನು. ಸಾರನಾಥದಲ್ಲಿ ಐವರು ಸಂಗಡಿಗರಿಗೆ ಮಾಡಿದ ಮೊದಲ ಉಪದೇಶವು ಧರ್ಮಚಕ್ರ ಪ್ರವರ್ತನವೆಂದು ಪ್ರಸಿದ್ಧವಾಗಿದೆ. ಸುಮಾರು 45 ವರ್ಷ ಊರೂರು ಸುತ್ತಿ ಬೋಧಿಸಿದ ಬುದ್ಧನು 80ನೆಯ ವಯಸ್ಸಿನಲ್ಲಿ ಕುಶಿನಗರದಲ್ಲಿ ಪರಿನಿರ್ವಾಣ ಹೊಂದಿದನು.

ಆತನ ಸಂಘಕ್ಕೆ ಎಲ್ಲ ವರ್ಣದವರಿಗೂ ಪ್ರವೇಶವಿತ್ತು. ಕ್ಷೌರಿಕನಾಗಿದ್ದ ಉಪಾಲಿಯು ಸಂಘನಿಯಮಗಳ ಪರಮ ಪ್ರಮಾಣವೆನಿಸಿದನು. ಸಾಕುತಾಯಿ ಮಹಾಪ್ರಜಾಪತಿ ಗೌತಮಿಯ ಒತ್ತಾಯದ ಮೇರೆಗೆ ಭಿಕ್ಷುಣಿಯರ ಸಂಘವೂ ಸ್ಥಾಪನೆಯಾಯಿತು.

ಮುಖ್ಯ ತತ್ತ್ವಗಳು

ಬುದ್ಧನ ಬೋಧನೆಯ ತಿರುಳು ನಾಲ್ಕು ಆರ್ಯಸತ್ಯಗಳಲ್ಲಿದೆ. ಬದುಕು ದುಃಖದಿಂದ ಕೂಡಿದೆ. ದುಃಖಕ್ಕೆ ತೃಷ್ಣೆಯೇ ಕಾರಣ. ತೃಷ್ಣೆಯು ಅಳಿದರೆ ದುಃಖವೂ ಅಳಿಯುತ್ತದೆ. ಅದಕ್ಕೆ ಅಷ್ಟಾಂಗ ಮಾರ್ಗವೇ ದಾರಿ. ರೋಗ, ರೋಗದ ಕಾರಣ, ರೋಗದ ನಿವಾರಣೆ, ಔಷಧ ಎಂಬ ವೈದ್ಯನ ಕ್ರಮಕ್ಕೆ ಇದನ್ನು ಹೋಲಿಸುವುದುಂಟು. ಸಮ್ಯಕ್ ದೃಷ್ಟಿ, ಸಂಕಲ್ಪ, ವಾಕ್ಕು, ಕರ್ಮ, ಜೀವನೋಪಾಯ, ಪ್ರಯತ್ನ, ಸ್ಮೃತಿ ಮತ್ತು ಸಮಾಧಿ ಇವು ಮಾರ್ಗದ ಎಂಟು ಅಂಗಗಳು. ಭೋಗಲಾಲಸೆ ಮತ್ತು ದೇಹದಂಡನೆ ಎರಡನ್ನೂ ಬಿಟ್ಟಿರುವುದರಿಂದ ಇದಕ್ಕೆ ಮಧ್ಯಮ ಮಾರ್ಗವೆಂಬ ಹೆಸರಿದೆ.

ಎಲ್ಲವೂ ಅನಿತ್ಯ, ದುಃಖ, ಅನಾತ್ಮ ಎಂಬುದು ಬೌದ್ಧರ ಲೋಕದೃಷ್ಟಿ. ಬದಲಾಗದೆ ಉಳಿಯುವ ಆತ್ಮವಿಲ್ಲವೆಂಬ ಅನಾತ್ಮವಾದವು ಉಪನಿಷತ್ತುಗಳ ಆತ್ಮವಾದಕ್ಕಿಂತಲೂ ಜೈನರ ಜೀವವಾದಕ್ಕಿಂತಲೂ ಭಿನ್ನವಾದುದು. ಆತ್ಮವಿಲ್ಲದಿದ್ದರೆ ಪುನರ್ಜನ್ಮ ಯಾರಿಗೆ ಎಂಬ ಪ್ರಶ್ನೆಗೆ ಬೌದ್ಧರು ಒಂದು ದೀಪದಿಂದ ಇನ್ನೊಂದು ದೀಪವನ್ನು ಹೊತ್ತಿಸುವ ದೃಷ್ಟಾಂತವನ್ನು ನೀಡುತ್ತಾರೆ: ಜ್ವಾಲೆಯು ಮುಂದುವರಿಯುತ್ತದೆ, ಆದರೆ ಯಾವ ವಸ್ತುವೂ ದಾಟಿ ಹೋಗುವುದಿಲ್ಲ. ಪ್ರತಿಯೊಂದೂ ಕಾರಣಗಳನ್ನು ಅವಲಂಬಿಸಿ ಉಂಟಾಗುತ್ತದೆ ಎಂಬ ಪ್ರತೀತ್ಯಸಮುತ್ಪಾದ ಸಿದ್ಧಾಂತವು ಇದರ ತಳಹದಿ. ಗೃಹಸ್ಥರಿಗೆ ಕೊಲ್ಲದಿರುವುದು, ಕದಿಯದಿರುವುದು, ವ್ಯಭಿಚಾರ ಮಾಡದಿರುವುದು, ಸುಳ್ಳಾಡದಿರುವುದು, ಮದ್ಯಪಾನ ಮಾಡದಿರುವುದು ಎಂಬ ಪಂಚಶೀಲಗಳನ್ನು ವಿಧಿಸಲಾಗಿದೆ.

ಪಂಥಗಳು

ಬುದ್ಧನ ಉಪದೇಶಗಳು ಮೊದಲು ಬಾಯಿಪಾಠವಾಗಿಯೇ ಉಳಿದುಬಂದವು. ಸಂಘದಲ್ಲಿ ನಿಯಮಗಳ ಕುರಿತು ಭಿನ್ನಾಭಿಪ್ರಾಯ ತಲೆದೋರಿ ಹಲವು ಶಾಖೆಗಳಾದವು. ಅವುಗಳಲ್ಲಿ ಇಂದಿಗೂ ಉಳಿದಿರುವ ಥೇರವಾದವು ಪಾಳಿ ತ್ರಿಪಿಟಕವನ್ನು ಪ್ರಮಾಣವಾಗಿ ಸ್ವೀಕರಿಸುತ್ತದೆ. ಕ್ರಿಸ್ತಶಕದ ಆರಂಭದ ಹೊತ್ತಿಗೆ ಬೆಳೆದ ಮಹಾಯಾನವು ಸಕಲ ಜೀವಿಗಳ ಬಿಡುಗಡೆಗಾಗಿ ಶ್ರಮಿಸುವ ಬೋಧಿಸತ್ತ್ವನನ್ನು ಆದರ್ಶವಾಗಿ ಮುಂದಿಟ್ಟಿತು. ನಾಗಾರ್ಜುನನ ಶೂನ್ಯತಾ ಸಿದ್ಧಾಂತ, ಅಸಂಗ ಮತ್ತು ವಸುಬಂಧುಗಳ ಯೋಗಾಚಾರ ಇದರ ಪ್ರಮುಖ ದರ್ಶನಗಳು. ಮಂತ್ರ, ಮಂಡಲ ಮತ್ತು ಗುರುದೀಕ್ಷೆಗೆ ಪ್ರಾಧಾನ್ಯ ನೀಡುವ ವಜ್ರಯಾನವು ನಂತರ ರೂಪುಗೊಂಡಿತು.

ಪ್ರಸಾರ

ಧರ್ಮವು ಭಾಷೆಯ ಗಡಿಗಳನ್ನು ದಾಟಲು ಬುದ್ಧನ ಒಂದು ನಿಲುವೇ ಆಧಾರವಾಯಿತು. ತನ್ನ ಮಾತುಗಳನ್ನು ಛಂದಸ್ಸಿನ ಭಾಷೆಗೆ ಅಳವಡಿಸಬೇಕೆಂದು ಇಬ್ಬರು ಭಿಕ್ಷುಗಳು ಕೋರಿದಾಗ ಆತನು ನಿರಾಕರಿಸಿದನೆಂದು ವಿನಯಪಿಟಕವು ತಿಳಿಸುತ್ತದೆ. ಒಂದೇ ಪವಿತ್ರ ಭಾಷೆಗೆ ಕಟ್ಟುಬೀಳದ ಕಾರಣ ಧರ್ಮವು ಹೋದಲ್ಲೆಲ್ಲ ಅನುವಾದಗೊಂಡಿತು.

ಕಳಿಂಗ ಯುದ್ಧದ ಬಳಿಕ ಬೌದ್ಧ ಧರ್ಮದತ್ತ ಒಲಿದ ಅಶೋಕನು (ಕ್ರಿ.ಪೂ. 3ನೆಯ ಶತಮಾನ) ಅದಕ್ಕೆ ಸಾಮ್ರಾಜ್ಯದ ಆಸರೆಯನ್ನಿತ್ತನು. ಆತನ ಮಗ ಮಹೇಂದ್ರನು ಶ್ರೀಲಂಕೆಯ ಅರಸ ದೇವಾನಂಪಿಯ ತಿಸ್ಸನಿಗೆ ಧರ್ಮವನ್ನು ಬೋಧಿಸಿದನೆಂದೂ ಮಗಳು ಸಂಘಮಿತ್ರೆಯು ಬೋಧಿವೃಕ್ಷದ ಕೊಂಬೆಯನ್ನು ಅನುರಾಧಪುರಕ್ಕೆ ಒಯ್ದಳೆಂದೂ ಸಿಂಹಳದ ಪರಂಪರೆ ಹೇಳುತ್ತದೆ. ಪಾಳಿ ತ್ರಿಪಿಟಕವನ್ನು ಕ್ರಿ.ಪೂ. 1ನೆಯ ಶತಮಾನದಲ್ಲಿ ಬರವಣಿಗೆಗೆ ಇಳಿಸಿದ್ದೂ ಆ ದ್ವೀಪದಲ್ಲಿಯೇ.

ವಾಯವ್ಯದಲ್ಲಿ ಗಾಂಧಾರ ಮತ್ತು ಮಧ್ಯ ಏಷ್ಯಾದ ಮೂಲಕ ವರ್ತಕರೂ ಭಿಕ್ಷುಗಳೂ ರೇಷ್ಮೆ ದಾರಿ ಹಿಡಿದು ಕ್ರಿ.ಶ. 1ನೆಯ ಶತಮಾನದ ಹೊತ್ತಿಗೆ ಚೀನಾವನ್ನು ತಲುಪಿದರು. ಮನೆ ತೊರೆಯುವ ಭಿಕ್ಷುಜೀವನವು ತಂದೆತಾಯಿಗಳ ಸೇವೆಯನ್ನು ಪರಮಧರ್ಮವೆಂದು ಎಣಿಸುವ ಕನ್‌ಫ್ಯೂಷಿಯಸ್ ಮತದವರಿಗೆ ಒಪ್ಪಿಗೆಯಾಗಲಿಲ್ಲ. ಆರಂಭದ ಅನುವಾದಕರು ದಾವ್ ಮತದ ಪದಗಳನ್ನೇ ಬಳಸಿದ್ದರಿಂದ ಅರ್ಥವೂ ಮಸುಕಾಯಿತು. ಕ್ರಿ.ಶ. 401ರಲ್ಲಿ ಚಾಂಗಾನ್ ನಗರಕ್ಕೆ ಬಂದ ಕೂಚಾ ದೇಶದ ಕುಮಾರಜೀವನು ವಿದ್ವಾಂಸರ ದೊಡ್ಡ ತಂಡದೊಡನೆ ಮಾಡಿದ ಅನುವಾದಗಳು ಈ ತೊಡಕನ್ನು ಬಹುಮಟ್ಟಿಗೆ ಪರಿಹರಿಸಿದವು. ಫಾಹಿಯಾನ್, ಹ್ಯುಯೆನ್ ತ್ಸಾಂಗ್, ಇತ್ಸಿಂಗ್ ಮೊದಲಾದವರು ಮೂಲ ಗ್ರಂಥಗಳನ್ನು ಅರಸಿ ಭಾರತಕ್ಕೆ ಬಂದರು. 645ರಲ್ಲಿ ಹಿಂದಿರುಗಿದ ಹ್ಯುಯೆನ್ ತ್ಸಾಂಗನು 657 ಗ್ರಂಥಗಳನ್ನು ಕೊಂಡೊಯ್ದನು. ಮುದ್ರಣಗೊಂಡ ಕಾಲವು ನಮೂದಾಗಿರುವ ಪುಸ್ತಕಗಳಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯದು, ಡುನ್‌ಹುವಾಂಗ್ ಗುಹೆಯಲ್ಲಿ ದೊರೆತ 868ರ ವಜ್ರಚ್ಛೇದಿಕಾ ಸೂತ್ರದ ಚೀನೀ ಪ್ರತಿ.

ಚೀನಾದಿಂದ ಕೊರಿಯಾಕ್ಕೆ 372ರಲ್ಲಿ, ಅಲ್ಲಿಂದ ಜಪಾನಿಗೆ 6ನೆಯ ಶತಮಾನದಲ್ಲಿ ಬೌದ್ಧ ಧರ್ಮವು ತಲುಪಿತು. ಟಿಬೆಟ್ಟಿನಲ್ಲಿ 8ನೆಯ ಶತಮಾನದಲ್ಲಿ ಶಾಂತರಕ್ಷಿತ ಮತ್ತು ಪದ್ಮಸಂಭವರ ನೆರವಿನಿಂದ ಸಮ್ಯೆ ವಿಹಾರವು ನಿರ್ಮಾಣವಾಯಿತು. ಜಾವಾದ ಬೊರೊಬುದೂರ್ ಸ್ತೂಪವು ಸಮುದ್ರಮಾರ್ಗದ ಪ್ರಸಾರಕ್ಕೆ ಸಾಕ್ಷಿ. ಮಯನ್ಮಾರ್, ಥಾಯ್ಲೆಂಡ್, ಲಾವೋಸ್ ಮತ್ತು ಕಾಂಬೋಡಿಯಗಳಲ್ಲಿ ಥೇರವಾದವು ನೆಲೆಯೂರಿತು.

ಕರ್ನಾಟಕದಲ್ಲಿ

ಅಶೋಕನ ಕಾಲದಲ್ಲಿ ರಕ್ಖಿತನೆಂಬ ಭಿಕ್ಷುವನ್ನು ವನವಾಸಕ್ಕೆ ಕಳುಹಿಸಲಾಯಿತೆಂದು ಮಹಾವಂಸವು ಹೇಳುತ್ತದೆ. ಈ ಸ್ಥಳವನ್ನು ಬನವಾಸಿಯೆಂದು ಗುರುತಿಸಲಾಗಿದೆ. 1915ರಲ್ಲಿ ಪತ್ತೆಯಾದ ರಾಯಚೂರು ಜಿಲ್ಲೆಯ ಮಸ್ಕಿ ಶಾಸನದಲ್ಲಿ ಅಶೋಕನ ಹೆಸರೇ ಇದ್ದುದರಿಂದ, ಇತರ ಶಾಸನಗಳ 'ದೇವಾನಂಪ್ರಿಯ'ನು ಆತನೇ ಎಂಬುದು ದೃಢಪಟ್ಟಿತು. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ಮಹಾಸ್ತೂಪದ ಅವಶೇಷಗಳೊಡನೆ 'ರಾಯ ಅಸೋಕೋ' ಎಂಬ ಬರಹವುಳ್ಳ ಶಿಲ್ಪವೂ ದೊರೆತಿದೆ. ಐಹೊಳೆಯ ಚೈತ್ಯ, ಮಂಗಳೂರಿನ ಕದ್ರಿಯಲ್ಲಿರುವ 968ರ ಲೋಕೇಶ್ವರ ವಿಗ್ರಹ ಮತ್ತು ತಾರಾ ದೇವಿಯನ್ನು ಉಲ್ಲೇಖಿಸುವ ಡಂಬಳದ 1095ರ ಶಾಸನ ನಂತರದ ಕುರುಹುಗಳು.

ಭಾರತದಲ್ಲಿ ಅವನತಿ

ಈ ಅವನತಿಗೆ ಒಂದೇ ಕಾರಣವನ್ನು ಹೇಳಲಾಗದು. ವಿಹಾರಗಳು ರಾಜರ ಮತ್ತು ವರ್ತಕರ ದಾನಗಳನ್ನೇ ಅವಲಂಬಿಸಿದ್ದವು. ಆ ಆಶ್ರಯವು ಕ್ರಮೇಣ ಶೈವ, ವೈಷ್ಣವ ದೇವಾಲಯಗಳಿಗೆ ಸಂದಿತು. ಹುಟ್ಟು, ಮದುವೆ, ಸಾವುಗಳ ಸಂಸ್ಕಾರಗಳಿಗೆ ಗೃಹಸ್ಥರು ಬ್ರಾಹ್ಮಣ ಪುರೋಹಿತರನ್ನೇ ಕರೆಯುತ್ತಿದ್ದುದರಿಂದ ಜನಸಾಮಾನ್ಯರೊಡನೆ ವಿಹಾರದ ನಂಟು ಸಡಿಲವಾಗಿತ್ತು. ಬುದ್ಧನನ್ನು ವಿಷ್ಣುವಿನ ಅವತಾರವೆಂದು ಎಣಿಸಿದ್ದರಿಂದ ಪ್ರತ್ಯೇಕತೆಯೂ ಕುಂದಿತು. ಹೀಗೆ ಕೆಲವೇ ಮಹಾವಿಹಾರಗಳಲ್ಲಿ ಕೇಂದ್ರೀಕೃತವಾಗಿದ್ದ ಧರ್ಮಕ್ಕೆ 1200ರ ಹೊತ್ತಿನ ತುರ್ಕಿ ದಾಳಿಗಳು ಮಾರಕವಾದವು. 1235ರ ಸುಮಾರಿಗೆ ನಾಲಂದಾಕ್ಕೆ ಬಂದ ಟಿಬೆಟ್ಟಿನ ಧರ್ಮಸ್ವಾಮಿಯು, ಹಾಳುಬಿದ್ದ ವಿಹಾರದಲ್ಲಿ ತೊಂಬತ್ತು ದಾಟಿದ ರಾಹುಲ ಶ್ರೀಭದ್ರನು ಸುಮಾರು ಎಪ್ಪತ್ತು ಮಂದಿಗೆ ಇನ್ನೂ ಪಾಠ ಹೇಳುತ್ತಿದ್ದುದನ್ನು ಕಂಡನು. ಇಲ್ಲಿ ನಾಶವಾದ ಅನೇಕ ಸಂಸ್ಕೃತ ಗ್ರಂಥಗಳು ಟಿಬೆಟನ್ ಮತ್ತು ಚೀನೀ ಅನುವಾದಗಳಲ್ಲಿ ಮಾತ್ರ ಉಳಿದಿವೆ.

ಪುನರುತ್ಥಾನ

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದ ಬಳಿಕ ಅಶೋಕನ ಶಾಸನಗಳು ಮತ್ತೆ ಮಾತನಾಡತೊಡಗಿದವು. ಶ್ರೀಲಂಕೆಯ ಅನಾಗರಿಕ ಧರ್ಮಪಾಲರು 1891ರಲ್ಲಿ ಮಹಾಬೋಧಿ ಸಭೆಯನ್ನು ಸ್ಥಾಪಿಸಿದರು. ಡಾ. ಬಿ. ಆರ್. ಅಂಬೇಡ್ಕರ್ ಅವರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಅನುಯಾಯಿಗಳೊಡನೆ ಬೌದ್ಧ ಧರ್ಮವನ್ನು ಸ್ವೀಕರಿಸಿದರು. ಜಾತಿವ್ಯವಸ್ಥೆಯನ್ನು ತಿರಸ್ಕರಿಸಿ ಸಮಾನತೆಯ ಬದುಕನ್ನು ಅರಸಿದ ಜನರಿಗೆ ಅದು ಹೊಸ ಆತ್ಮಗೌರವವನ್ನು ನೀಡಿತು. 2011ರ ಜನಗಣತಿಯಂತೆ ಭಾರತದಲ್ಲಿ ಸುಮಾರು 84 ಲಕ್ಷ ಬೌದ್ಧರಿದ್ದು, ಬಹುಪಾಲು ಮಹಾರಾಷ್ಟ್ರದಲ್ಲಿದ್ದಾರೆ. 1959ರ ನಂತರ ಟಿಬೆಟ್ಟಿನಿಂದ ಬಂದ ನಿರಾಶ್ರಿತರು ಬೈಲಕುಪ್ಪೆ ಮತ್ತು ಮುಂಡಗೋಡಿನಲ್ಲಿ ನೆಲೆಸಿ, ಸೆರಾ, ಡ್ರೆಪುಂಗ್ ಮತ್ತು ಗಾಂಡೆನ್ ವಿಹಾರಗಳನ್ನು ಮತ್ತೆ ಕಟ್ಟಿದರು. ನಾಲಂದಾದಿಂದ ಹಿಮಾಲಯವನ್ನು ದಾಟಿ ಹೋಗಿದ್ದ ಶಾಸ್ತ್ರಗಳ ಅಧ್ಯಯನವು ಈಗ ಕರ್ನಾಟಕದ ನೆಲದಲ್ಲಿ ಟಿಬೆಟನ್ ಭಾಷೆಯಲ್ಲಿ ನಡೆಯುತ್ತಿದೆ.