ಹಿರಿಯರ ಆಸ್ತಿ ವ್ಯವಹಾರಕ್ಕೆ ಎಂಥ ವಕೀಲರು ಬೇಕು?

ನಮ್ಮ ಸದಸ್ಯ ಬಾಂಧವರಲ್ಲಿ ಅರವತ್ತು ದಾಟಿದವರು ಬಹಳ ಮಂದಿ. ಮಕ್ಕಳು ಬೆಂಗಳೂರಿನಲ್ಲೋ ಅದಕ್ಕಿಂತ ದೂರದಲ್ಲೋ ಇದ್ದಾರೆ. ತೋಟ ಮಾತ್ರ ಇಲ್ಲಿದೆ. ಗೊಬ್ಬರ, ಮೈಲುತುತ್ತ, ಸಾಲದ ನವೀಕರಣವೆಂದು ಸಂಘದ ಕಚೇರಿಗೆ ಬಂದವರು ಎದ್ದು ಹೋಗುವ ಮುನ್ನ ದನಿ ತಗ್ಗಿಸಿ ಕೇಳುವುದುಂಟು: "ತೋಟ ಮಗನ ಹೆಸರಿಗೆ ಮಾಡಿಬಿಡಲೇ? ಯಾವ ವಕೀಲರ ಹತ್ತಿರ ಹೋಗಲಿ?" ಇಂಥವರಲ್ಲಿಗೇ ಹೋಗಿ ಎಂದು ಹೆಸರು ಹೇಳುವುದು ಸಂಘದ ಕೆಲಸವಲ್ಲ. ಎಂಥವರನ್ನು ಹುಡುಕಬೇಕೆಂಬುದನ್ನು ಮಾತ್ರ ಇಲ್ಲಿ ವಿವರಿಸುತ್ತೇವೆ.

ಹಿರಿಯ ನಾಗರಿಕರ ವಕೀಲರೆಂಬ ಪ್ರತ್ಯೇಕ ಪರವಾನಗಿ ನಮ್ಮ ದೇಶದಲ್ಲಿಲ್ಲ. 1961ರ ವಕೀಲರ ಕಾಯಿದೆಯಂತೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿಯಾದವರೆಲ್ಲ ವಕೀಲರೇ. ಅವರು ಜಾಹೀರಾತು ಕೊಟ್ಟು ಕಕ್ಷಿದಾರರನ್ನು ಕರೆಯುವಂತೆಯೂ ಇಲ್ಲ. ಆದ್ದರಿಂದ ಬೋರ್ಡು ನೋಡಿ ತಿಳಿಯುವ ಸಂಗತಿ ಇದಲ್ಲ, ನಾಲ್ಕು ಮಾತು ಕೇಳಿಯೇ ತಿಳಿಯಬೇಕು.

ಮೊದಲು ಕೇಳಬೇಕಾದ್ದು ದಾನಪತ್ರಕ್ಕೂ ಉಯಿಲಿಗೂ ಇರುವ ಅಂತರವನ್ನು. ಉಯಿಲು ಬರೆದವರು ಬದುಕಿರುವವರೆಗೆ ತೋಟದ ಯಜಮಾನರಾಗಿಯೇ ಇರುತ್ತಾರೆ. ಮನಸ್ಸು ಬದಲಾದರೆ ಹರಿದು ಬೇರೆ ಬರೆಯಬಹುದು. ಇಬ್ಬರು ಸಾಕ್ಷಿಗಳ ರುಜು ಬೇಕು, ನೋಂದಣಿ ಕಡ್ಡಾಯವಲ್ಲ. ದಾನಪತ್ರ ಹಾಗಲ್ಲ. ಉಪನೋಂದಣಾಧಿಕಾರಿಯ ಮುಂದೆ ನೋಂದಣಿಯಾಗಿ ಮಗ ಸ್ವೀಕರಿಸಿದನೆಂದರೆ ತೋಟ ಕೈಬಿಟ್ಟಂತೆ. ಬೇಡವೆನಿಸಿತೆಂದು ತಾವಾಗಿಯೇ ರದ್ದು ಮಾಡಲು ಬರುವುದಿಲ್ಲ. ಕುಟುಂಬದೊಳಗಿನ ದಾನಕ್ಕೆ ಮುದ್ರಾಂಕ ಶುಲ್ಕ ಕಡಿಮೆಯೆಂಬ ಒಂದೇ ಕಾರಣಕ್ಕೆ, ಪತ್ರ ಬರಹಗಾರರ ಹತ್ತಿರ ಇರುವ ಹಳೆಯ ನಮೂನೆಗೆ ಹೆಸರು, ಸರ್ವೆ ನಂಬರು ತುಂಬಿಸಿ ರುಜು ಹಾಕಿ ಬರುವವರನ್ನು ನಾವು ಪ್ರತಿವರ್ಷ ಕಾಣುತ್ತಿದ್ದೇವೆ.

2007ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆ ನೆರವಿಗೆ ಬರುವುದಿಲ್ಲವೇ ಎಂದು ಕೇಳಬಹುದು. ಬರುತ್ತದೆ, ಆದರೆ ಒಂದು ಕಟ್ಟಳೆಯಿದೆ. ಕಾಯಿದೆ ಜಾರಿಗೆ ಬಂದ ಮೇಲೆ, ತನ್ನ ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಕೊಟ್ಟಿದ್ದು, ಪಡೆದವರು ಅದಕ್ಕೆ ತಪ್ಪಿದರೆ, 23ನೇ ಕಲಮಿನಂತೆ ನ್ಯಾಯಮಂಡಳಿ ಆ ವರ್ಗಾವಣೆಯನ್ನು ಅನೂರ್ಜಿತವೆಂದು ಘೋಷಿಸಬಹುದು. ಇಡೀ ವಿಷಯ ನಿಂತಿರುವುದು ಆ 'ಷರತ್ತು' ಎಂಬ ಮಾತಿನ ಮೇಲೆ. 2022ರ ಡಿಸೆಂಬರಿನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಅಂಥ ಷರತ್ತು ಇತ್ತೆಂಬುದು ಸಿದ್ಧವಾಗದಿದ್ದರೆ ಈ ಕಲಮು ಅನ್ವಯಿಸದೆಂದಿತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ತಾಯಿ ಬರೆದ ದಾನಪತ್ರವನ್ನು ರದ್ದುಪಡಿಸಿತು. ಅಲ್ಲಿ ಪೋಷಣೆಯ ಮಾತು ಪತ್ರದಲ್ಲಿತ್ತು, ಮಗ ಬರೆದುಕೊಟ್ಟ ವಚನಪತ್ರವೂ ಇತ್ತು. ಎರಡು ಸಾಲಿನ ಬರವಣಿಗೆ ಇದ್ದ ತಾಯಿಗೆ ಮನೆ ಮರಳಿ ಸಿಕ್ಕಿತು.

ನಮ್ಮ ಕಡೆಯ ಹಿರಿಯ ಬೆಳೆಗಾರರೊಬ್ಬರ ದಾನಪತ್ರದಲ್ಲಿ "ಪ್ರೀತಿ ವಿಶ್ವಾಸದಿಂದ" ಎಂಬ ಮಾತು ಮೂರು ಕಡೆ ಇದೆ, ಊಟ ಔಷಧಿಯ ಮಾತು ಒಂದು ಕಡೆಯೂ ಇಲ್ಲ. ಈಗ ಅಡಿಕೆ ಮಾರಿದ ಹಣ ಮಗನ ಖಾತೆಗೆ ಹೋಗುತ್ತದೆ. ಅವರು ಬಸ್ಸಿನ ಖರ್ಚಿಗೂ ಕೇಳಿ ಪಡೆಯಬೇಕು. ಆದ್ದರಿಂದ ದಾನವೇ ಬೇಕೆಂದು ಹೊರಟರೆ, ಪೋಷಣೆಯ ಷರತ್ತನ್ನೂ, ಪತಿಪತ್ನಿ ಇಬ್ಬರ ಜೀವಿತಾವಧಿಯವರೆಗೆ ಮನೆಯ ವಾಸ ಹಾಗೂ ಫಸಲಿನ ಹಕ್ಕನ್ನೂ ತಾವಾಗಿಯೇ ಪ್ರಸ್ತಾಪಿಸುವ ವಕೀಲರು ತಿಳಿದವರೆನ್ನಬಹುದು.

ಎರಡನೆಯದಾಗಿ, "ಈ ತೋಟ ನಿಮಗೆ ಹೇಗೆ ಬಂತು?" ಎಂದು ಅವರು ಕೇಳುತ್ತಾರೆಯೇ ನೋಡಿ. ಸ್ವಯಾರ್ಜಿತವಾದರೆ ಒಂದು ಮಾತು, ಪಿತ್ರಾರ್ಜಿತವಾದರೆ ಇನ್ನೊಂದು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ 2005ರ ತಿದ್ದುಪಡಿಯಿಂದ ಮಗಳಿಗೂ ಹುಟ್ಟಿನಿಂದಲೇ ಸಮಪಾಲು. ಆ ದಿನ ತಂದೆ ಬದುಕಿರಬೇಕಾಗಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ಇನ್ನು ಮಲೆನಾಡಿನ ಜಮೀನಿನ ತೊಡಕುಗಳು ಪೇಟೆಯ ವಕೀಲರಿಗೆಲ್ಲ ಗೊತ್ತಿರುವುದಿಲ್ಲ. ತೋಟದ ಹಿಂದಿನ ಸೊಪ್ಪಿನ ಬೆಟ್ಟ, ದಕ್ಷಿಣ ಕನ್ನಡದ ಕುಮ್ಕಿ ಇವು ಸವಲತ್ತುಗಳೇ ಹೊರತು ಪಟ್ಟಾ ಜಮೀನಿನಂತೆ ಬಿಡಿಯಾಗಿ ಹಂಚಿಕೊಡುವಂಥವಲ್ಲ. ಕೊಡಗಿನ ಬಾಣೆಯದು ಬೇರೆಯೇ ಚರಿತ್ರೆ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಡುವುದಾದರೆ 11-ಇ ನಕ್ಷೆ ಬೇಕು. ಪಹಣಿಯ 11ನೇ ಕಲಮಿನಲ್ಲಿ ಸಂಘದ್ದೋ ಬ್ಯಾಂಕಿನದೋ ಸಾಲ ಕೂತಿದೆಯೇ ನೋಡದೆ ಕರಡು ಬರೆಯಲು ಕೂರುವವರಿಂದ ದೂರವಿರುವುದು ಕ್ಷೇಮ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ವಕೀಲರು ಯಾರ ಕಡೆಯವರು? ಮಗನೇ ಕಾರಿನಲ್ಲಿ ಕರೆದೊಯ್ದು, ಮಗನೇ ಮಾತನಾಡಿ, ಮಗನೇ ಫೀಸು ಕೊಟ್ಟರೆ ಅವರು ಮಗನ ವಕೀಲರು. ಮಗ ಕೆಟ್ಟವನೆಂದು ನಾವು ಹೇಳುತ್ತಿಲ್ಲ. ಎಷ್ಟೋ ಮಕ್ಕಳು ಬಂಗಾರದಂಥವರು. ಆದರೂ ಒಳ್ಳೆಯ ವಕೀಲರು ಮಕ್ಕಳನ್ನು ಹತ್ತು ನಿಮಿಷ ಹೊರಗೆ ಕೂರಿಸಿ, "ನಿಮ್ಮ ಇಷ್ಟವೇನು?" ಎಂದು ಹಿರಿಯರೊಬ್ಬರನ್ನೇ ಕೇಳುತ್ತಾರೆ. ಮನೆಯ ಯಜಮಾನಿತಿಯನ್ನೂ ಕೇಳುತ್ತಾರೆ. ಕರಡನ್ನು ಕನ್ನಡದಲ್ಲಿ ಓದಿ ಹೇಳಿ, ಮನೆಗೆ ಕೊಂಡೊಯ್ದು ವಾರ ಯೋಚಿಸಿ ಬನ್ನಿ ಎನ್ನುತ್ತಾರೆ. ಈ ದಿನವೇ ರುಜು ಆಗಬೇಕೆಂದು ಅವಸರ ಮಾಡುವಲ್ಲಿ ಕನ್ನಡಕ ಮರೆತೆನೆಂದು ಎದ್ದು ಬನ್ನಿ.

ಫೀಸಿನ ವಿಚಾರ ಮೊದಲೇ ಮಾತಾಡಿ ರಸೀದಿ ಪಡೆಯಿರಿ. ಗೆದ್ದರೆ ಜಮೀನಿನಲ್ಲಿ ಇಷ್ಟು ಪಾಲು ಎಂಬ ಕರಾರು ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ಖಾಲಿ ಕಾಗದಕ್ಕೆ ಸಹಿ ಬೇಡ, ಮೂಲ ಪತ್ರಗಳ ಬದಲು ನಕಲು ಸಾಕು. ಫೀಸು ಬಾಕಿಯೆಂದು ಕಕ್ಷಿದಾರರ ಕಡತ ತಡೆಹಿಡಿಯುವಂತಿಲ್ಲವೆಂದು 2000ದಲ್ಲೇ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ.

ಬರೀ ಜೀವನಾಂಶದ ಪ್ರಶ್ನೆಯಾದರೆ ವಕೀಲರಿಲ್ಲದೆಯೂ ನಡೆಯುತ್ತದೆ. ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹಿರಿಯರೇ ಅರ್ಜಿ ಕೊಡಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಆದೇಶಿಸಲು 2007ರ ಕಾಯಿದೆಯಲ್ಲಿ ಅವಕಾಶವಿದೆ. ಅದರ 17ನೇ ಕಲಮು ಅಲ್ಲಿ ವಕೀಲರಿಗೆ ಪ್ರವೇಶವಿಲ್ಲ ಎನ್ನುತ್ತದೆ. 2014ರಲ್ಲಿ ಪಂಜಾಬ್ ಮತ್ತು ಹರಿಯಾಣ, 2021ರಲ್ಲಿ ಕೇರಳ ಉಚ್ಚ ನ್ಯಾಯಾಲಯಗಳು ಆ ನಿಷೇಧ ನಿಲ್ಲದೆಂದಿವೆ. ನೀವು ನೋಡಹೋದ ವಕೀಲರನ್ನು ಈ ಬಗ್ಗೆ ಕೇಳಿ. ಉತ್ತರದಲ್ಲೇ ಅವರು ಈ ಕಾಯಿದೆ ಓದಿದ್ದಾರೋ ಇಲ್ಲವೋ ತಿಳಿದುಬಿಡುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಮತ್ತು ಅಂಗವಿಕಲರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತವಾಗಿ ವಕೀಲರನ್ನು ಪಡೆಯಬಹುದು; ಇವರಿಗೆ ಆದಾಯದ ಮಿತಿಯಿಲ್ಲ.

ಮೊದಲ ಭೇಟಿಗೆ ಪಹಣಿ, ಮ್ಯುಟೇಷನ್, ಹಳೆಯ ವಿಭಾಗಪತ್ರ ಅಥವಾ ಕ್ರಯಪತ್ರದ ನಕಲು, ಋಣಭಾರ ಪತ್ರ ಇಷ್ಟು ಕೈಯಲ್ಲಿರಲಿ. ಸಂಘದ ಸಾಲದ ಬಾಕಿ ವಿವರ ಬೇಕಾದವರು ಒಂದು ದಿನ ಮೊದಲೇ ತಿಳಿಸಿದರೆ ಕಚೇರಿಯಲ್ಲಿ ಬರೆದಿಟ್ಟಿರುತ್ತೇವೆ.