ಜಾಕೆಟ್ಟಿಗೆ ಯಾವ ತೊಗಲು? ಕಲ್ಯಾಣದ ನೆಲದ ಕಸುಬು ಕಲಿಸುವ ಪಾಠ

ಡಿಸೆಂಬರ್ ಬಂತೆಂದರೆ ಬೀದರ ಜಿಲ್ಲೆಯ ಚಳಿ ಸುದ್ದಿಯಾಗುತ್ತದೆ. ಎತ್ತರದ ಬಯಲುಸೀಮೆ ಇದು, ಗಾಳಿಗೆ ಅಡ್ಡ ನಿಲ್ಲುವ ದೊಡ್ಡ ಬೆಟ್ಟಗಳಿಲ್ಲ. ಬಸವಕಲ್ಯಾಣ ತಾಲೂಕಿನ ಹೋಬಳಿ ಊರಾದ ಮುಡಬಿಯಿಂದ ನಸುಕಿನಲ್ಲೇ ಬೈಕ್ ಏರಿ ಬಸವಕಲ್ಯಾಣಕ್ಕೋ ಹುಮನಾಬಾದಿಗೋ ಹೊರಟವರ ಎದೆಗೆ ಆ ಗಾಳಿ ನೇರ ಬಡಿಯುತ್ತದೆ. ಸ್ವೆಟರ್ ಮೈ ಬೆಚ್ಚಗಿಡುತ್ತದೆ ನಿಜ, ಆದರೆ ಓಡುವ ಬೈಕಿನ ಮೇಲೆ ಅದರ ಹೆಣಿಗೆಯ ಸಂದುಗಳಲ್ಲೆಲ್ಲ ಗಾಳಿ ನುಗ್ಗುತ್ತದೆ. ತೊಗಲಿನ ಜಾಕೆಟ್ ಗಾಳಿಯನ್ನು ಹೊರಗೇ ನಿಲ್ಲಿಸುತ್ತದೆ. ಆಯತಪ್ಪಿ ಬಿದ್ದರೆ ನಮ್ಮ ಚರ್ಮಕ್ಕಿಂತ ಮೊದಲು ತಾನು ತರಚಿಸಿಕೊಳ್ಳುತ್ತದೆ.

ಆದರೆ ಜಾಕೆಟ್ ಕೊಳ್ಳಲು ಸೋಲಾಪುರಕ್ಕೋ ಹೈದರಾಬಾದಿಗೋ ಹೋದವರು ಅಂಗಡಿಯಲ್ಲಿ ಗೊಂದಲಕ್ಕೆ ಬೀಳುತ್ತಾರೆ. ‘ಪ್ಯೂರ್ ಲೆದರ್’, ‘ಜೆನ್ಯೂನ್ ಲೆದರ್’, ‘ನಪ್ಪಾ’, ‘ಸ್ವೀಡ್’ ಎಂದು ಹೆಸರುಗಳ ಸಾಲೇ ಇರುತ್ತದೆ. ಎಲ್ಲವೂ ಕಪ್ಪಗೆ ಮಿರುಗುತ್ತವೆ, ಬೆಲೆಯಲ್ಲಿ ಮಾತ್ರ ಅಜಗಜಾಂತರ. ಹೊಳಪನ್ನೂ ಹೆಸರನ್ನೂ ನಂಬಿ ತಂದದ್ದು ಎರಡೇ ವರ್ಷದಲ್ಲಿ ಮೊಣಕೈ ಹತ್ತಿರ ಹೊಪ್ಪಳೆ ಏಳುವುದುಂಟು. ಯಾವ ಕೆಲಸಕ್ಕೆ ಯಾವ ತೊಗಲು ಎಂಬ ಅರಿವಿದ್ದರೆ ಹೀಗೆ ಮೋಸ ಹೋಗಬೇಕಿಲ್ಲ. ಆ ಅರಿವು ಕಲ್ಯಾಣದ ನೆಲಕ್ಕೆ ಹೊಸದೂ ಅಲ್ಲ.

ಶರಣರ ಕಸುಬು

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ನೆರೆದ ಶರಣರಲ್ಲಿ ತೊಗಲಿನ ಕಸುಬಿನವರೂ ಇದ್ದರು. ಸಮಗಾರ ಹರಳಯ್ಯ ಮೆಟ್ಟು ಹೊಲಿಯುವವರು, ಡೋಹರ ಕಕ್ಕಯ್ಯ ತೊಗಲು ಹದ ಮಾಡುವ ಕುಲದವರು. ಹೆಸರಿನ ಜೊತೆಗೆ ಕಸುಬನ್ನೂ ಅಂಟಿಸಿಕೊಂಡೇ ಅವರು ಅನುಭವ ಮಂಟಪದ ಸಮಾನರ ಸಾಲಿನಲ್ಲಿ ಕುಳಿತರು. ಕಾಯಕದಲ್ಲಿ ಮೇಲುಕೀಳಿಲ್ಲ ಎಂಬ ಮಾತಿಗೆ ಅವರ ಬದುಕೇ ಸಾಕ್ಷಿ.

ಹರಳಯ್ಯನವರ ಐತಿಹ್ಯವನ್ನು ಈ ಭಾಗದ ಮಕ್ಕಳೂ ಬಲ್ಲರು. ದಾರಿಯಲ್ಲಿ ಎದುರಾದ ಬಸವಣ್ಣನವರಿಗೆ ಹರಳಯ್ಯ ‘ಶರಣು’ ಎಂದರು; ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಮರುವಂದನೆ ಸಲ್ಲಿಸಿದರು. ತನ್ನ ಒಂದು ಶರಣಿಗೆ ಎರಡು ಬಂದ ಋಣ ಹೊರಲಾರದೆ ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿ ಒಪ್ಪಿಸಿದರು. ಬಸವಣ್ಣನವರು ಅವನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರು. ಮುಂದೆ ಹರಳಯ್ಯನವರ ಮಗ ಶೀಲವಂತನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ಆದ ಮದುವೆ ಕಲ್ಯಾಣವನ್ನೇ ಅಲುಗಾಡಿಸಿತು. ಬೀಗರಿಬ್ಬರಿಗೂ ಕಲ್ಯಾಣದ ಅರಸ ಬಿಜ್ಜಳನ ಆಡಳಿತ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆ ವಿಧಿಸಿತು. ಶರಣರು ದಿಕ್ಕುಪಾಲಾದರು. ಕಕ್ಕಯ್ಯನವರ ನೆನಪು ಇಂದಿಗೂ ಬೆಳಗಾವಿ ಜಿಲ್ಲೆಯ ಕಕ್ಕೇರಿಯಲ್ಲಿದೆ, ಹರಳಯ್ಯನವರ ಗವಿ ಬಸವಕಲ್ಯಾಣದಲ್ಲೇ ಇದೆ.

ಈ ಕಸುಬಿನವರ ಕೈಯಿಂದ ಹೊರಬಂದದ್ದು ಬರೀ ಮೆಟ್ಟಲ್ಲ. ನೊಗಕ್ಕೆ ಬಿಗಿಯುವ ಮಿಣಿ, ಬಾರುಕೋಲು, ಕಪಿಲೆ ಬಾವಿಯ ಬಾನೆ, ಹಬ್ಬ–ಜಾತ್ರೆಗೆ ಹಲಗೆ ಎಲ್ಲವೂ ಇವರದೇ. ಮಿಣಿಗೆ ಜಗ್ಗಿದರೂ ಹರಿಯದ ದಪ್ಪ ತೊಗಲು ಬೇಕು, ಹಲಗೆಗೆ ಕಾಯಿಸಿದರೆ ಬಿಗಿಯುವ ತೆಳು ತೊಗಲು ಬೇಕು. ಒಂದಕ್ಕೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗದು. ಜಾಕೆಟ್ ಆರಿಸುವವರು ಹಿಡಿಯಬೇಕಾದ ಮೊದಲ ಸೂತ್ರ ಇದೇ: ಮೊದಲು ಕೆಲಸ ನೋಡು, ಆಮೇಲೆ ತೊಗಲು ನೋಡು.

ಹದದಲ್ಲಿದೆ ಗುಣ

ಹಸಿ ತೊಗಲು ಹಾಗೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಹಪ್ಪಳದಂತೆ ಸೆಟೆಯುತ್ತದೆ. ಅದನ್ನು ಬಾಳಿಕೆಯ ಚರ್ಮವಾಗಿಸುವುದು ಹದ. ಉಪ್ಪು ಸವರಿ ತಂದ ತೊಗಲನ್ನು ನೀರಲ್ಲಿ ನೆನೆಸುತ್ತಾರೆ, ಸುಣ್ಣದ ನೀರಿನಲ್ಲಿಟ್ಟು ಕೂದಲು ಸಡಿಲಿಸುತ್ತಾರೆ, ಒಳಮೈಗೆ ಅಂಟಿದ ಮಾಂಸ–ಕೊಬ್ಬನ್ನು ಹೆರೆಯುತ್ತಾರೆ, ಸುಣ್ಣ ಹೋಗುವಂತೆ ತೊಳೆಯುತ್ತಾರೆ. ಅಲ್ಲಿಂದ ಮುಂದೆ ಎರಡು ದಾರಿಗಳಿವೆ.

ಒಂದು ತೊಗಟೆಯ ಹದ. ನಮ್ಮ ಹೊಲದ ಬದುಗಳಲ್ಲಿ ಕಾಣುವ ಜಾಲಿಯ ತೊಗಟೆ, ಹಳದಿ ಹೂವಿನ ತಂಗಡಿ ಗಿಡದ ತೊಗಟೆ, ಅಳಲೆಕಾಯಿ ಇವುಗಳಲ್ಲಿರುವ ಒಗರು ತೊಗಲಿನ ನಾರುಗಳನ್ನು ಹಿಡಿದು ಬಿಗಿಯುತ್ತದೆ. ಕೆಲವೆಡೆ ತೊಗಲನ್ನೇ ಚೀಲದಂತೆ ಹೊಲಿದು, ತೂಗುಹಾಕಿ, ಒಳಗೆ ತೊಗಟೆಯ ರಸ ತುಂಬುತ್ತಾರೆ. ರಸ ತೊಗಲಿನ ಮೂಲಕ ಜಿನುಗಿ ಇಳಿಯುತ್ತ ಅದನ್ನು ಹದಕ್ಕೆ ತರುತ್ತದೆ. ವಾರಗಟ್ಟಲೆ ಹಿಡಿಯುವ ಕೆಲಸ. ಹೀಗೆ ಹದವಾದ ಚರ್ಮ ಕಂದು ಬಣ್ಣದ್ದು, ಗಟ್ಟಿ, ಕೊಟ್ಟ ಆಕಾರದಲ್ಲಿ ನಿಲ್ಲುವಂಥದ್ದು. ಅಟ್ಟೆಗೆ, ಬೆಲ್ಟಿಗೆ, ಚೀಲಕ್ಕೆ ಇದಕ್ಕೆ ಸಾಟಿಯಿಲ್ಲ.

ಇನ್ನೊಂದು ಕ್ರೋಮ್ ಹದ. ಕ್ರೋಮಿಯಂ ಲವಣದ ದ್ರಾವಣದ ಜೊತೆ ತೊಗಲನ್ನು ದೊಡ್ಡ ಪೀಪಾಯಿಯಲ್ಲಿ ತಿರುಗಿಸಿದರೆ ದಿನವೊಪ್ಪತ್ತಿನಲ್ಲಿ ಹದ ಕೂಡುತ್ತದೆ. ಹೊರಬಂದ ತೊಗಲು ತಿಳಿನೀಲಿಯಾಗಿರುತ್ತದೆ. ಆಮೇಲೆ ಎಣ್ಣೆ ಉಣಿಸಿ, ಬಣ್ಣ ಹಾಕುತ್ತಾರೆ. ಇದು ಹಗುರ, ಮೃದು, ಮೈಗೆ ಒಗ್ಗಿ ಬಳುಕುವಂಥದ್ದು. ನೀರನ್ನೂ ಬಿಸಿಯನ್ನೂ ಹೆಚ್ಚು ತಾಳುತ್ತದೆ. ಆದ್ದರಿಂದಲೇ ಜಾಕೆಟ್ಟುಗಳಲ್ಲಿ ಬಹುಪಾಲು ಕ್ರೋಮ್ ಹದದವು. ದಕ್ಷಿಣ ಭಾರತದಲ್ಲಿ ಈ ಉದ್ಯಮದ ದೊಡ್ಡ ನೆಲೆಗಳು ತಮಿಳುನಾಡಿನ ಆಂಬೂರು, ವಾಣಿಯಂಬಾಡಿ, ರಾಣಿಪೇಟೆ. 1948ರಲ್ಲಿ ಹುಟ್ಟಿದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇರುವುದೂ ಚೆನ್ನೈಯಲ್ಲೇ. ಹದದ ಕೊಳಕು ನೀರನ್ನು ಶುದ್ಧ ಮಾಡದೆ ಬಿಟ್ಟದ್ದರಿಂದ ತಮಿಳುನಾಡಿನ ಈ ನೆಲೆಗಳ ಸುತ್ತಲಿನ ಪಾಲಾರ್ ನದಿ ಬಯಲು ಪಟ್ಟ ಪಾಡು ಸಣ್ಣದಲ್ಲ. ಶುದ್ಧೀಕರಣ ಘಟಕದ ವೆಚ್ಚ ತಪ್ಪಿಸಿ ಮಾಡಿದ ಅಗ್ಗದ ಚರ್ಮದ ಬೆಲೆಯನ್ನು ಯಾವುದೋ ಊರಿನ ಬಾವಿ ತೆರುತ್ತದೆ ಎಂಬುದನ್ನು ಕೊಳ್ಳುವವರು ಮರೆಯಬಾರದು.

ಆಡು, ಕುರಿ, ದನ, ಎಮ್ಮೆ

ಜಾಕೆಟ್ಟಿಗೆ ಬರುವ ತೊಗಲು ಮುಖ್ಯವಾಗಿ ಈ ನಾಲ್ಕರದ್ದು. ನಾಲ್ಕೂ ನಮ್ಮ ಕೊಟ್ಟಿಗೆಯವೇ. ದೇವಣಿ ದನ ಬೀದರ–ಲಾತೂರು ಸೀಮೆಯ ಹೆಮ್ಮೆಯ ತಳಿ. ಕಪ್ಪು ಮೈಯ ಉಸ್ಮಾನಾಬಾದಿ ಆಡು, ಒರಟು ಉಣ್ಣೆಯ ದಖನಿ ಕುರಿ ಈ ಗಡಿಭಾಗದಲ್ಲೆಲ್ಲ ಮೇಯುತ್ತವೆ.

ಕುರಿಯ ತೊಗಲು ಎಲ್ಲಕ್ಕಿಂತ ಮೃದು. ‘ನಪ್ಪಾ’ ಎಂದು ಮಾರುವ, ಮುಟ್ಟಿದರೆ ಜಾರುವಂಥ ಜಾಕೆಟ್ಟುಗಳು ಸಾಮಾನ್ಯವಾಗಿ ಇದರವು. ತೊಟ್ಟ ದಿನದಿಂದಲೇ ಮೈಗೆ ಒಗ್ಗುತ್ತದೆ, ಭಾರವಿಲ್ಲ. ಆದರೆ ದಟ್ಟ ಉಣ್ಣೆಯ ಕುರಿಯ ಚರ್ಮದಲ್ಲಿ ಕೂದಲ ಬೇರುಗಳೂ ಕೊಬ್ಬೂ ಹೆಚ್ಚು, ನಾರಿನ ಹೆಣಿಗೆ ಸಡಿಲ. ಎಳೆದರೆ ಹಿಗ್ಗುತ್ತದೆ, ಮೊಳೆಗೆ ಸಿಕ್ಕರೆ ಸೀಳುತ್ತದೆ. ಉಣ್ಣೆಗಿಂತ ಕೂದಲೇ ಹೆಚ್ಚಿರುವ ಕುರಿಯ ತೊಗಲು ಇದಕ್ಕಿಂತ ಗಟ್ಟಿ. ಮದುವೆ–ಮುಂಜಿಗೆ, ಊರೊಳಗಿನ ಓಡಾಟಕ್ಕೆ ಕುರಿ ಸೊಗಸು. ದಿನಾ ಬೈಕ್ ಓಡಿಸುವವರಿಗೆ ಸಾಲದು.

ಆಡಿನ ತೊಗಲು ತೆಳುವಾಗಿದ್ದೂ ಗಟ್ಟಿ. ಅದರ ಹೊರಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು: ರೋಮರಂಧ್ರಗಳು ಅಲೆಯಲೆಯಾದ ಸಾಲುಗಳಲ್ಲಿರುತ್ತವೆ, ಸಾಲಿನ ನಡುವೆ ಸಣ್ಣ ಉಬ್ಬುಗಳು. ಬೆರಳಾಡಿಸಿದರೆ ನವಿರಾದ ತರಿತರಿ ಸಿಗುತ್ತದೆ. ನಾರುಗಳು ಬಿಗಿಯಾಗಿ ಹೆಣೆದುಕೊಂಡಿರುವುದರಿಂದ ಮಡಿಕೆ ಬಿದ್ದಲ್ಲಿ ಸವೆತ ಕಡಿಮೆ. ಅಮೆರಿಕದ ನೌಕಾಪಡೆ ತನ್ನ ವಿಮಾನ ಚಾಲಕರ ಜಿ–1 ಜಾಕೆಟ್ಟಿಗೆ ಬಳಸಿದ್ದೂ ಆಡಿನ ತೊಗಲನ್ನೇ. ಮೃದುತ್ವ, ತಾಳಿಕೆ, ಬೆಲೆ ಮೂರನ್ನೂ ತೂಗಿದರೆ ನಮ್ಮ ಹವೆಗೆ, ನಮ್ಮ ಓಡಾಟಕ್ಕೆ ಆಡೇ ಮೇಲು ಎಂಬುದು ಈ ಲೇಖಕನ ನಿಲುವು.

ದನದ ತೊಗಲು ದಪ್ಪ; ರಂಧ್ರಗಳು ಸಣ್ಣವು, ಒತ್ತೊತ್ತಾಗಿ ಸಮನಾಗಿ ಹರಡಿರುತ್ತವೆ. ಮೊದಮೊದಲು ಬಿಗಿ, ತೊಡುತ್ತ ತೊಡುತ್ತ ಪಳಗುತ್ತದೆ. ಹೆದ್ದಾರಿಯ ಸವಾರಿಗೆ ಹೇಳಿ ಮಾಡಿಸಿದ್ದು. ಬೈಕ್ ಸವಾರರು ಸುಮಾರು 1.2 ಮಿಲಿಮೀಟರಿನಷ್ಟಾದರೂ ದಪ್ಪ ಇರುವುದನ್ನು ನೋಡಿ ಕೊಳ್ಳಬೇಕು. ಸೊಗಸಿನ ಕುರಿ ಜಾಕೆಟ್ಟಿನಲ್ಲಿ ಅದರ ಅರ್ಧದಷ್ಟೇ ಇರಬಹುದು. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾಯ್ದೆ ದನಗಳ ಹತ್ಯೆಯನ್ನು ನಿಷೇಧಿಸಿದೆ. 13 ವರ್ಷ ಮೀರಿದ ಎಮ್ಮೆ–ಕೋಣಗಳಿಗೆ ವಿನಾಯಿತಿ ಇದೆ. ಹಾಗಾಗಿ ಮಾರುವವರ ಬಳಿ ತೊಗಲು ಯಾವುದರದ್ದು, ಎಲ್ಲಿಂದ ಬಂದದ್ದು ಎಂದು ಕೇಳುವುದು ತಪ್ಪಲ್ಲ.

ಎಮ್ಮೆಯ ತೊಗಲು ಎಲ್ಲಕ್ಕಿಂತ ದಪ್ಪ. ರಂಧ್ರಗಳು ದೊಡ್ಡವು, ವಿರಳ. ಮೈಮೇಲಿನ ಗೆರೆಗಳು ಆಳ. ಅಟ್ಟೆಗೆ, ಬೂಟಿಗೆ ಇದು ರಾಜ. ಸೀಳಿ ತೆಳು ಮಾಡಿ ಜಾಕೆಟ್ಟಿಗೂ ಬಳಸುತ್ತಾರೆ. ಒರಟು ನೋಟ ಇಷ್ಟಪಡುವವರಿಗೆ ಒಗ್ಗೀತು. ಭಾರವನ್ನು ಮಾತ್ರ ಹೊರಬೇಕು.

ಪದರದಲ್ಲಿ ನಡೆಯುವ ಮೋಸ

ಪ್ರಾಣಿ ಯಾವುದೆಂದು ತಿಳಿದರೆ ಅರ್ಧ ಕೆಲಸವಾಯಿತು. ಉಳಿದರ್ಧ ಪದರದ್ದು. ಚರ್ಮದ ಮೇಲ್ಪದರದಲ್ಲಿ ನಾರುಗಳು ಅತಿ ಸಣ್ಣವು, ಅತಿ ಬಿಗಿ. ಆ ಹೊರಮೈಯನ್ನು ಉಜ್ಜದೆ ಹಾಗೇ ಉಳಿಸಿದ್ದು ‘ಫುಲ್ ಗ್ರೇನ್’. ಉಣ್ಣಿ ಕಚ್ಚಿದ, ಮುಳ್ಳು ಗೀರಿದ ಕಲೆಗಳು ಅದರಲ್ಲಿ ಕಾಣುತ್ತವೆ. ಅದು ದೋಷವಲ್ಲ, ಅಸಲಿತನದ ಗುರುತು. ಕಲೆ ಮರೆಸಲು ಮೇಲ್ಮೈ ಉಜ್ಜಿ, ಬಣ್ಣ ಬಳಿದು, ಅಚ್ಚೊತ್ತಿದ್ದು ಇನ್ನೊಂದು ಬಗೆ. ದಪ್ಪ ತೊಗಲನ್ನು ಸೀಳಿದಾಗ ಉಳಿಯುವ ಕೆಳಪದರ ‘ಸ್ಪ್ಲಿಟ್’. ಮಖಮಲ್ಲಿನಂಥ ಸ್ವೀಡ್ ಆಗುವುದು ಹೆಚ್ಚಾಗಿ ಇದೇ, ಇಲ್ಲವೆ ಆಡು–ಕುರಿಯ ಚರ್ಮದ ಒಳಮೈ. ಸ್ಪ್ಲಿಟ್ಟಿನ ಮೇಲೆ ಪ್ಲಾಸ್ಟಿಕ್ ಲೇಪ ಹಚ್ಚಿದರೂ ‘ಜೆನ್ಯೂನ್ ಲೆದರ್’ ಎಂಬ ಚೀಟಿ ಬೀಳುತ್ತದೆ; ಹೊಪ್ಪಳೆ ಏಳುವುದು ಆ ಲೇಪವೇ. ಕತ್ತರಿಸಿ ಉಳಿದ ಚೂರುಪಾರನ್ನು ಪುಡಿ ಮಾಡಿ ಅಂಟಿನಲ್ಲಿ ಕಲಸಿ ಹಾಳೆ ಮಾಡಿದ್ದು ಇನ್ನೂ ಕೆಳಗಿನದು. ರೆಕ್ಸಿನ್, ಪಿಯು ಎಂಬುವು ಚರ್ಮವೇ ಅಲ್ಲ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಸುಲಭ. ಮೊದಲು ಕಾಲರಿನ ಕೆಳಗೆ, ಜೇಬಿನ ಒಳಗೆ ಹೊಲಿಗೆ ಮುಗಿಯುವಲ್ಲಿ ಕತ್ತರಿಸಿದ ಅಂಚು ಹುಡುಕಿ. ನಿಜ ಚರ್ಮವಾದರೆ ಅಂಚಿನಲ್ಲಿ ಮೇಲಿಂದ ಕೆಳತನಕ ನಾರು ಕಾಣುತ್ತದೆ. ಬಟ್ಟೆಯ ನೇಯ್ಗೆಯೋ, ಮೇಲೆ ಬೇರೆಯೇ ಆದ ಹೊಳೆಯುವ ಪೊರೆಯೋ ಕಂಡರೆ ಅನುಮಾನಿಸಿ. ಮುಂದೆ ಹೆಬ್ಬೆರಳಿಂದ ಒತ್ತಿ. ಚರ್ಮ ಬೆರಳ ಸುತ್ತ ಸಣ್ಣ ಸುಕ್ಕುಗಳಾಗಿ ಹರಡುತ್ತದೆ, ಪ್ಲಾಸ್ಟಿಕ್ ಸುಮ್ಮನೆ ತಗ್ಗುತ್ತದೆ. ಕೊನೆಗೆ ರಂಧ್ರಗಳ ವಿನ್ಯಾಸ ನೋಡಿ. ಬೆನ್ನು, ತೋಳು, ಎದೆ ಎಲ್ಲ ಕಡೆಯೂ ಒಂದೇ ಅಚ್ಚಿನಂತೆ ಮರುಕಳಿಸಿದರೆ ಅದು ಯಂತ್ರ ಒತ್ತಿದ ಅಚ್ಚು. ಪ್ರಾಣಿಯ ಮೈ ಎಲ್ಲೂ ಒಂದೇ ಸಮ ಇರುವುದಿಲ್ಲ.

ಬೆನ್ನಿನ ಭಾಗದ ತೊಗಲು ಬಿಗಿ, ಹೊಟ್ಟೆಯ ಭಾಗದ್ದು ಸಡಿಲ. ಒಳ್ಳೆಯ ಕೆಲಸಗಾರ ಎದೆಗೆ, ಬೆನ್ನಿಗೆ, ಮೊಣಕೈಗೆ ಬಿಗಿ ತೊಗಲನ್ನೇ ಕತ್ತರಿಸುತ್ತಾನೆ. ಒಂದು ಆಡಿನ ತೊಗಲು ನಾಲ್ಕೈದು ಚದರ ಅಡಿ. ದೊಡ್ಡವರ ಜಾಕೆಟ್ಟಿಗೆ ಮೂವತ್ತು ಚದರ ಅಡಿಯ ಆಸುಪಾಸು ಬೇಕು. ಆರೇಳು ತೊಗಲುಗಳ ಬಣ್ಣ, ದಪ್ಪ, ಮೈಗೆರೆ ಹೊಂದಿಸಿ ಹೊಲಿಯುವುದೇ ಜಾಕೆಟ್ಟಿನ ಅಸಲಿ ಕುಶಲತೆ. ಬೆಲೆ ಏರುವುದೂ ಅಲ್ಲೇ.

ಬಾಳಿಸುವ ಬಗೆ

ನಮ್ಮಲ್ಲಿ ಜಾಕೆಟ್ ತೊಡುವುದು ವರ್ಷದಲ್ಲಿ ಮೂರು–ನಾಲ್ಕು ತಿಂಗಳು. ಉಳಿದ ಕಾಲ ಅದನ್ನು ಕಾಯಬೇಕು. ಬೇಸಿಗೆಯ ಝಳ ಚರ್ಮದ ಎಣ್ಣೆಯನ್ನು ಹೀರುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ; ಅಗಲ ಹ್ಯಾಂಗರಿಗೆ ತೂಗುಹಾಕಿ ಹಳೆಯ ಹತ್ತಿ ಬಟ್ಟೆ ಹೊದಿಸಿ. ನೆನೆದರೆ ನೆರಳಲ್ಲಿ ಒಣಗಿಸಿ, ಬಿಸಿಲಿಗೂ ಒಲೆಗೂ ಹಿಡಿಯಬೇಡಿ. ವರ್ಷಕ್ಕೆರಡು ಸಲ ಚರ್ಮಕ್ಕೆಂದೇ ಸಿಗುವ ಕ್ರೀಮನ್ನು ತೆಳುವಾಗಿ ಸವರಿ. ಇಷ್ಟು ಮಾಡಿದರೆ ಒಳ್ಳೆಯ ಆಡಿನ ಜಾಕೆಟ್ ಅಪ್ಪನಿಂದ ಮಗನಿಗೆ ಬರುತ್ತದೆ.

ಕೈಗಳಿಗೆ ಸಲ್ಲಬೇಕಾದದ್ದು

ಕೊಲ್ಹಾಪುರಿ ಚಪ್ಪಲಿಗೆ 2018–19ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಅದರಲ್ಲಿ ಪಾಲು ಸಿಕ್ಕಿತು. ಅಥಣಿ, ನಿಪ್ಪಾಣಿ ಭಾಗದ ಸಮಗಾರರ ಕೈಚಳಕಕ್ಕೆ ಸಂದ ಗೌರವ ಅದು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನಿನ ವೇದಿಕೆಯಲ್ಲಿ ಅಂಥದೇ ಚಪ್ಪಲಿಗಳನ್ನು ಮೂಲದ ಹೆಸರೆತ್ತದೆ ಪ್ರದರ್ಶಿಸಿದಾಗ ಎದ್ದ ಆಕ್ಷೇಪ ದೊಡ್ಡದು. ಕೊನೆಗೆ ಸಂಸ್ಥೆ ತನ್ನ ವಿನ್ಯಾಸಕ್ಕೆ ಭಾರತದ ಕರಕುಶಲ ಪರಂಪರೆಯೇ ಪ್ರೇರಣೆ ಎಂದು ಒಪ್ಪಿಕೊಂಡಿತು. ಜಗತ್ತು ಬೆಲೆ ಕೊಡುವ ಈ ವಿದ್ಯೆಯನ್ನು ನಮ್ಮ ಸಮಾಜ ಶತಮಾನಗಳ ಕಾಲ ಊರಾಚೆ ಇಟ್ಟಿತು. ಹರಳಯ್ಯನವರನ್ನು ಪೂಜಿಸುವ ನಾಡಿನಲ್ಲೇ ಅವರ ಕಸುಬಿನವರ ಮಕ್ಕಳು ಆ ಕಸುಬಿನ ಹೆಸರು ಹೇಳಲು ಅಂಜುವಂತಾಯಿತು. ಅಟ್ಟೆ ಕೊರೆಯುವ ರಂಪಿಗೆ, ಹೊಲಿಯುವ ಉಳಿ ಹಿಡಿದವರ ಮಕ್ಕಳು ಬೇರೆ ದಾರಿ ಹಿಡಿದರೆ ಅದು ಅವರ ಹಕ್ಕು. ಆದರೆ ಕಸುಬಿನಲ್ಲೇ ಉಳಿದವರಿಗೆ ಮರ್ಯಾದೆಯೂ ಸರಿಯಾದ ಕೂಲಿಯೂ ಸಿಗಬೇಕು.

ರಾಜ್ಯ ಸರ್ಕಾರ 1976ರಲ್ಲಿ ಕಟ್ಟಿದ ಚರ್ಮ ಕೈಗಾರಿಕೆ ಅಭಿವೃದ್ಧಿ ನಿಗಮ, ಅಂದರೆ ಈಗ ಡಾ. ಬಾಬು ಜಗಜೀವನರಾಂ ಅವರ ಹೆಸರು ಹೊತ್ತ ಲಿಡ್‌ಕರ್, ಕುಶಲಕರ್ಮಿಗಳಿಗೆ ತರಬೇತಿ ಮತ್ತು ಮಾರುಕಟ್ಟೆ ಒದಗಿಸಲೆಂದೇ ಇರುವ ಸಂಸ್ಥೆ. ಅಥಣಿಯ ಚಪ್ಪಲಿಗೆ ದೊರೆತ ಹೆಸರು ಕಲ್ಯಾಣದ ಸೀಮೆಗೂ ದೊರೆಯಬೇಕು. ಬಸವಕಲ್ಯಾಣದಲ್ಲೋ ಹುಮನಾಬಾದಿನಲ್ಲೋ ಜಾಕೆಟ್, ಚೀಲ, ಬೆಲ್ಟ್ ಹೊಲಿಯುವ ಒಂದು ಒಳ್ಳೆಯ ತರಬೇತಿ ಕೇಂದ್ರ ನಡೆದರೆ ಹರಳಯ್ಯನವರ ಗವಿಯ ದರ್ಶನಕ್ಕೆ ಬರುವ ಯಾತ್ರಿಕರೇ ಅದರ ಮೊದಲ ಗಿರಾಕಿಗಳಾಗುತ್ತಾರೆ. ಸರ್ಕಾರವೂ ಈ ಭಾಗದ ಜನಪ್ರತಿನಿಧಿಗಳೂ ಈ ಬಗ್ಗೆ ಮನಸ್ಸು ಮಾಡಬೇಕು.

ಓದುಗರು ಮಾಡಬೇಕಾದದ್ದೂ ಇದೆ. ಈ ಚಳಿಗಾಲದಲ್ಲಿ ಜಾಕೆಟ್ ಕೊಳ್ಳುವುದಾದರೆ ಯಾವ ಪ್ರಾಣಿಯದು, ಯಾವ ಪದರದ್ದು, ಯಾವ ಹದದ್ದು ಎಂಬ ಮೂರು ಪ್ರಶ್ನೆ ಕೇಳಿ. ಉತ್ತರ ಕೊಡಲಾಗದ ಅಂಗಡಿಯಿಂದ ಹೊರಟುಬನ್ನಿ. ಹೊಲಿಗೆ ಬಿಟ್ಟಾಗ, ಜಿಪ್ ಕೆಟ್ಟಾಗ ಜಾಕೆಟ್ಟನ್ನು ಎಸೆಯದೆ ನಿಮ್ಮೂರಿನ ಚರ್ಮದ ಕೆಲಸದವರ ಬಳಿ ಒಯ್ಯಿರಿ. ಅವರು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.