ಕ್ಷಮೆಯ ಬಾಗಿಲು ಮತ್ತು ಬೆಟ್ಟದ ಬಲಿಪೀಠ: ಸಂತ ಯಕೋಬರ ಯಾತ್ರಾಪಥ ಕಲಿಸುವ ಪಾಠ

ಕಾಲ್ನಡಿಗೆಯ ತೀರ್ಥಯಾತ್ರೆಯನ್ನು ಕುರಿತು ಬೋಧಿಸುವಾಗಲೆಲ್ಲ ನಾವು ಎದುರಿಸಬೇಕಾದ ಪ್ರಶ್ನೆಯೊಂದಿದೆ. ದೇವರ ಕೃಪೆ ಉಚಿತವಾದ ವರವಾಗಿದ್ದರೆ ನೂರಾರು ಕಿಲೋಮೀಟರ್ ನಡೆಯುವ ದೇಹಶ್ರಮಕ್ಕೆ ಏನರ್ಥ? ನಡೆದಷ್ಟೂ ಪುಣ್ಯವೆಂಬ ಲೆಕ್ಕಾಚಾರವನ್ನು ಧರ್ಮಸಭೆ ಒಪ್ಪುತ್ತದೆಯೇ? ಸ್ಪೇನಿನ ಸಂತ ಯಕೋಬರ ಯಾತ್ರಾಪಥದಲ್ಲಿ, ಒಂದು ದಿನದ ನಡಿಗೆಯಷ್ಟು ಅಂತರದಲ್ಲಿರುವ ಎರಡು ದೇವಾಲಯಗಳು ಈ ಪ್ರಶ್ನೆಗೆ ಉತ್ತರಿಸುತ್ತವೆ.

ಸ್ಪೇನಿನ ವಾಯವ್ಯ ಭಾಗದ ಗಲೀಸಿಯಾ ಪ್ರಾಂತ್ಯದಲ್ಲಿರುವ ಸಾಂತಿಯಾಗೊ ದೆ ಕೊಂಪೊಸ್ತೆಲಾ ನಗರದಲ್ಲಿ ಜೆಬೆದಾಯನ ಮಗನಾದ ಪ್ರೇಷಿತ ಯಕೋಬರ ಸಮಾಧಿ ಇದೆಯೆಂಬುದು 9ನೆಯ ಶತಮಾನದಿಂದ ಬಂದ ಪರಂಪರೆ. ಅಲ್ಲಿಗೆ ಹೋಗುವ ದಾರಿಗಳು ಹಲವು. ಅವುಗಳಲ್ಲಿ ಪ್ರಸಿದ್ಧವಾದ 'ಫ್ರೆಂಚ್ ದಾರಿ' ಫ್ರಾನ್ಸಿನ ಗಡಿಯಲ್ಲಿ ಪಿರೆನೀಸ್ ಪರ್ವತದ ತಪ್ಪಲಿನಿಂದ ಹೊರಟು ಸುಮಾರು 780 ಕಿಲೋಮೀಟರ್ ಸಾಗುತ್ತದೆ. ಪಾಂಪ್ಲೋನಾ, ಬುರ್ಗೋಸ್, ಲಿಯೋನ್ ನಗರಗಳನ್ನು ಮುಟ್ಟಿದರೂ ದಾರಿಯ ಹೆಚ್ಚಿನ ಭಾಗ ಗ್ರಾಮಾಂತರವೇ: ರಿಯೋಹಾದ ದ್ರಾಕ್ಷಿತೋಟಗಳು, ಕಸ್ತಿಲಿಯಾದ ನೆರಳಿಲ್ಲದ ಗೋಧಿಬಯಲು, ಗಲೀಸಿಯಾದ ಹಸಿರು ಗುಡ್ಡಗಳು. 12ನೆಯ ಶತಮಾನದ 'ಕಲಿಕ್ಸ್ತಿನುಸ್ ಹಸ್ತಪ್ರತಿ'ಯ ಐದನೆಯ ಭಾಗ ಯಾತ್ರಿಕರಿಗಾಗಿಯೇ ಬರೆದ ಮಾರ್ಗದರ್ಶಿಯಾಗಿದ್ದು, ಎಲ್ಲಿ ಒಳ್ಳೆಯ ನೀರಿದೆ, ಯಾವ ನದಿಯ ನೀರು ಅಪಾಯಕರ ಎಂಬುದನ್ನೂ ತಿಳಿಸುತ್ತದೆ.

ಯಾತ್ರಿಕನನ್ನು ಲತೀನ್ ಭಾಷೆ 'ಪೆರೆಗ್ರಿನುಸ್' ಎನ್ನುತ್ತದೆ. ಪರದೇಶಿ, ಅನ್ಯನಾಡಿನವನು ಎಂಬುದು ಆ ಪದದ ಮೂಲಾರ್ಥ. ಪೂರ್ವಿಕರು ಈ ಲೋಕದಲ್ಲಿ ತಮ್ಮನ್ನು ಪರದೇಶಿಗಳೆಂದೇ ಒಪ್ಪಿಕೊಂಡು ಬಾಳಿದರೆಂದು ಹಿಬ್ರಿಯರಿಗೆ ಬರೆದ ಪತ್ರ ಸಾರುತ್ತದೆ (11:13). ದ್ವಿತೀಯ ವ್ಯಾಟಿಕನ್ ಮಹಾಸಭೆಯು ಧರ್ಮಸಭೆಯನ್ನು ಕುರಿತ ಸಂವಿಧಾನದ ಏಳನೆಯ ಅಧ್ಯಾಯದಲ್ಲಿ ಇಡೀ ಧರ್ಮಸಭೆಯನ್ನೇ ಪಯಣಿಗ ಧರ್ಮಸಭೆಯೆಂದು ಕಂಡಿತು. ಆದುದರಿಂದ ಹಳ್ಳಿದಾರಿಯಲ್ಲಿ ಚೀಲ ಹೊತ್ತು ನಡೆಯುವವನು ನಾವೆಲ್ಲರೂ ಏನಾಗಿದ್ದೇವೆಯೋ ಅದನ್ನೇ ತನ್ನ ದೇಹದಲ್ಲಿ ಕಾಣಿಸುತ್ತಾನೆ. ಅವನು ಅಪರಿಚಿತರ ನೀರು, ಅನ್ನ, ಸೂರುಗಳನ್ನು ಅವಲಂಬಿಸುವವನು. ಬಂದ ಅತಿಥಿಗಳನ್ನೆಲ್ಲ ಕ್ರಿಸ್ತರನ್ನೇ ಸ್ವೀಕರಿಸಿದಂತೆ ಸ್ವೀಕರಿಸಬೇಕೆಂದು ಸಂತ ಬೆನೆದಿಕ್ತರ ನಿಯಮದ 53ನೆಯ ಅಧ್ಯಾಯ ವಿಧಿಸುತ್ತದೆ. ಬಡವರಿಗೂ ಯಾತ್ರಿಕರಿಗೂ ಅದು ವಿಶೇಷ ಸ್ಥಾನ ನೀಡುತ್ತದೆ.

ಈಗ ಮೊದಲನೆಯ ದೇವಾಲಯಕ್ಕೆ ಬರೋಣ. ಸಾಂತಿಯಾಗೊ ಇನ್ನೂ 180ಕ್ಕೂ ಹೆಚ್ಚು ಕಿಲೋಮೀಟರ್ ದೂರವಿರುವಾಗ ವಿಯಾಫ್ರಾಂಕಾ ದೆಲ್ ಬಿಯೆರ್ಸೊ ಎಂಬ ಊರು ಸಿಗುತ್ತದೆ. ಊರಿನ ಆಚೆಗೆ ದಾರಿ ಕಡಿದಾದ ಬೆಟ್ಟವನ್ನೇರುತ್ತದೆ. ಆ ಊರಿನ ಹೊಸ್ತಿಲಲ್ಲೇ ಇರುವ ಸಂತ ಯಕೋಬರ ದೇವಾಲಯದ ಉತ್ತರ ದ್ವಾರಕ್ಕೆ 'ಕ್ಷಮೆಯ ಬಾಗಿಲು' ಎಂದು ಹೆಸರು. ಕಾಯಿಲೆಯಿಂದಲೋ ಬಲಹೀನತೆಯಿಂದಲೋ ಮುಂದೆ ಹೋಗಲಾರದ ಯಾತ್ರಿಕನು ಪಶ್ಚಾತ್ತಾಪದಿಂದ ಈ ಬಾಗಿಲಿಗೆ ಬಂದರೆ, ಪ್ರೇಷಿತರ ಸಮಾಧಿಯನ್ನು ಮುಟ್ಟಿದವನಿಗೆ ದೊರೆಯುವ ದಂಡವಿಮೋಚನೆಯೇ ಅವನಿಗೂ ದೊರೆಯುತ್ತಿತ್ತು.

ಇದನ್ನು ಕೇವಲ ರಿಯಾಯಿತಿಯೆಂದು ನಾವು ಓದಬಾರದು. ಕೃಪೆಯು ದೂರಕ್ಕೆ ತಕ್ಕ ಕೂಲಿಯಾಗಿದ್ದರೆ ಇಲ್ಲಿ ಬಿದ್ದವನಿಗೆ ಮುಕ್ಕಾಲು ಪಾಲು ಮಾತ್ರ ಸಲ್ಲಬೇಕಾಗಿತ್ತು. ಧರ್ಮಸಭೆ ಹಾಗೆ ಅಳೆಯಲಿಲ್ಲ. ಕಡೆಯ ಗಳಿಗೆಯಲ್ಲಿ ದ್ರಾಕ್ಷಿತೋಟಕ್ಕೆ ಬಂದವರಿಗೂ ಪೂರ್ಣ ಕೂಲಿಯಿತ್ತ ಯಜಮಾನನ ಸಾಮತಿ (ಮತ್ತಾಯ 20:1-16) ಇಲ್ಲಿ ಕಲ್ಲಿನಲ್ಲಿ ಮೂಡಿದೆ. ಯಾತ್ರಿಕನಿಂದ ಕೇಳಲಾದುದು ಪಶ್ಚಾತ್ತಾಪದ ಹೃದಯ ಮತ್ತು ಇದ್ದ ಶಕ್ತಿಯಷ್ಟು ನಡಿಗೆ.

ಹಾಗಾದರೆ ಬೆಟ್ಟ ಹತ್ತುವುದೇಕೆ? ಇದಕ್ಕೆ ಉತ್ತರ ಆ ಬೆಟ್ಟದ ಮೇಲೆಯೇ ಇದೆ. ಸುಮಾರು 1,300 ಮೀಟರ್ ಎತ್ತರದಲ್ಲಿರುವ ಒ ಸೆಬ್ರೆಯ್ರೊ ಎಂಬ ಪುಟ್ಟ ಹಳ್ಳಿಯ ದೇವಾಲಯದಲ್ಲಿ, 1300ರ ಸುಮಾರಿಗೆ ನಡೆದುದೆಂದು ಹೇಳಲಾಗುವ ಪರಮ ಪ್ರಸಾದದ ಅದ್ಭುತವೊಂದರ ಸ್ಮರಣೆ ಉಳಿದಿದೆ. ಹಿಮಬಿರುಗಾಳಿಯ ದಿನ ಕೆಳಗಿನ ಹಳ್ಳಿಯ ರೈತನೊಬ್ಬನು ಬಲಿಪೂಜೆಗಾಗಿ ಬೆಟ್ಟವೇರಿ ಬಂದನಂತೆ. ಬಲಿಪೀಠದ ಬಳಿಯಿದ್ದ ಗುರು, ತುಸು ರೊಟ್ಟಿಗೂ ದ್ರಾಕ್ಷಾರಸಕ್ಕೂ ಇವನು ಇಷ್ಟು ಕಷ್ಟಪಡಬೇಕೇ ಎಂದು ಮನಸ್ಸಿನಲ್ಲೇ ಹಗುರವಾಗಿ ಎಣಿಸಿದರಂತೆ. ಆಗ ರೊಟ್ಟಿ ಮಾಂಸವಾಗಿಯೂ ದ್ರಾಕ್ಷಾರಸ ರಕ್ತವಾಗಿಯೂ ಕಂಡವು ಎನ್ನುತ್ತದೆ ಪರಂಪರೆ.

ಈ ಕಥೆಯಲ್ಲಿ ರೈತ ಏನನ್ನೂ ಗಳಿಸಲು ಬಂದವನಲ್ಲ. ಬಲಿಪೀಠದ ಮೇಲೆ ಇರುವವರು ಯಾರೆಂದು ಬಲ್ಲವನಾದುದರಿಂದ ಬಂದನು. ನಡಿಗೆ ಅವನಿಗೆ ಕೃಪೆಯ ಬೆಲೆಯಾಗಿರಲಿಲ್ಲ, ಕೃಪೆಗೆ ಕೊಟ್ಟ ಪ್ರತ್ಯುತ್ತರವಾಗಿತ್ತು. ಕ್ಷಮೆಯ ಬಾಗಿಲು ಶ್ರಮದ ಗರ್ವವನ್ನು ತಗ್ಗಿಸಿದರೆ ಬೆಟ್ಟದ ಬಲಿಪೀಠ ಶ್ರಮವನ್ನು ಹಳಿಯುವ ಗರ್ವವನ್ನು ತಗ್ಗಿಸುತ್ತದೆ. ಎರಡನೆಯ ಎಚ್ಚರಿಕೆ ಯಾಜಕರಾದ ನಮಗೇ ಉದ್ದೇಶಿತವಾದುದು. ದೈವಶಾಸ್ತ್ರದ ಪದವಿ ಪಡೆದವರು ಜನಭಕ್ತಿಯ ಬೆವರನ್ನು ಮೂಢತೆಯೆಂದು ತಳ್ಳಿಹಾಕುವ ಶೋಧನೆಗೆ ಸುಲಭವಾಗಿ ಒಳಗಾಗುತ್ತಾರೆ.

ಅದೇ ಒ ಸೆಬ್ರೆಯ್ರೊ ದೇವಾಲಯ ನಮಗೆ ಬೇರೊಂದು ಮಾದರಿಯನ್ನೂ ನೀಡಿದೆ. 20ನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿನ ಧರ್ಮಕೇಂದ್ರದ ಗುರುಗಳಾಗಿದ್ದ ಎಲಿಯಾಸ್ ವಲಿನ್ಯಾ ಈ ದಾರಿಯನ್ನು ವಿದ್ವತ್ಪೂರ್ಣವಾಗಿ ಅಧ್ಯಯನ ಮಾಡಿದವರು. 1980ರ ದಶಕದಲ್ಲಿ, ನಡೆಯುವವರು ವಿರಳವಾಗಿದ್ದಾಗ, ಅವರು ಹಳದಿ ಬಣ್ಣ ಹಿಡಿದು ಹಾದಿಯುದ್ದಕ್ಕೂ ಬಾಣದ ಗುರುತುಗಳನ್ನು ಬರೆದರು. ಇಂದು ಯಾತ್ರಿಕರಿಗೆ ದಾರಿ ತೋರುವುದು ಆ ಹಳದಿ ಬಾಣಗಳೇ. ದಾರಿ ತೋರಿಸಿ ಬದಿಗೆ ಸರಿಯುವುದು ಯಾಜಕಸೇವೆಯ ಒಳ್ಳೆಯ ವ್ಯಾಖ್ಯಾನವೆಂದು ನಾವು ಭಾವಿಸುತ್ತೇವೆ.

ಈಗ ಈ ದಾರಿಯಲ್ಲಿ ಜನಸಂದಣಿಯೇ ಇದೆ. 2023ರಲ್ಲಿ 4 ಲಕ್ಷ 40 ಸಾವಿರಕ್ಕೂ ಹೆಚ್ಚು ಮಂದಿ ಸಾಂತಿಯಾಗೊ ತಲುಪಿ ಯಾತ್ರಿಕರ ಕಚೇರಿಯಲ್ಲಿ ದಾಖಲಾದರು. 'ಕೊಂಪೊಸ್ತೆಲಾ' ಎಂಬ ಪ್ರಮಾಣಪತ್ರಕ್ಕೆ ಕನಿಷ್ಠ 100 ಕಿಲೋಮೀಟರ್ ನಡೆದಿರಬೇಕು. ಉದ್ದೇಶವು ಧಾರ್ಮಿಕ ಅಥವಾ ಆಧ್ಯಾತ್ಮಿಕವಾಗಿರಬೇಕು, ಇಲ್ಲವೇ ಕನಿಷ್ಠಪಕ್ಷ ಹುಡುಕಾಟದ ಮನೋಭಾವವಾದರೂ ಇರಬೇಕು. ವಿಶ್ವಾಸ ಇನ್ನೂ ಸ್ಪಷ್ಟವಾಗದವರಿಗೂ ಇಲ್ಲಿ ಎಡೆಯಿದೆ. ಎಮ್ಮಾವುಸಿನ ದಾರಿಯಲ್ಲಿ ಪ್ರಭು ಮೊದಲು ಜೊತೆಗೆ ನಡೆದರು, ಪ್ರಶ್ನೆ ಕೇಳಿದರು. ಶಿಷ್ಯರು ಅವರನ್ನು ಗುರುತಿಸಿದ್ದು ರೊಟ್ಟಿ ಮುರಿದಾಗ (ಲೂಕ 24:13-35).

ನಮ್ಮ ಧರ್ಮಕೇಂದ್ರಗಳಿಗೂ ಈ ಪಾಠ ದೂರದ್ದಲ್ಲ. ಬೆಂಗಳೂರಿನಿಂದ ವೇಲಾಂಕಣಿಗೆ ಕಾವಿ ಬಟ್ಟೆ ತೊಟ್ಟು ನಡೆದುಹೋಗುವ ಭಕ್ತರನ್ನು ನಾವು ಬಲ್ಲೆವು. ಅವರಿಗೆ ಹರಕೆಯ ಲೆಕ್ಕವನ್ನು ಮೀರಿದ ಅರ್ಥವನ್ನು ತಿಳಿಸುವುದು, ಹೊರಡುವ ಮುನ್ನ ಪಾಪನಿವೇದನೆಗೆ ಅವಕಾಶ ಕಲ್ಪಿಸುವುದು, ಆಶೀರ್ವದಿಸಿ ಕಳುಹಿಸುವುದು ನಮ್ಮ ಕರ್ತವ್ಯ. ವೃದ್ಧಾಪ್ಯದಿಂದಲೋ ರೋಗದಿಂದಲೋ ಈ ವರ್ಷ ನಡೆಯಲಾಗಲಿಲ್ಲವೆಂದು ಕೊರಗುವವರೂ ನಮ್ಮಲ್ಲಿದ್ದಾರೆ. ಅವರ ಮನೆಗೆ ಪರಮ ಪ್ರಸಾದವನ್ನು ಕೊಂಡೊಯ್ಯುವ ಗುರು, ವಿಯಾಫ್ರಾಂಕಾದ ಆ ಬಾಗಿಲನ್ನು ಅವರ ಹಾಸಿಗೆಯ ಬಳಿಯಲ್ಲೇ ತೆರೆಯುತ್ತಾನೆ.